ವಿಶ್ವವಿದ್ಯಾಲಯದ ಹೆಸರು ಉದ್ಯೋಗ ಕೊಡುವುದೇ?

ಪ್ರವಾದಿವರ್ಯರು(ಸ) ಪ್ರಯೋಜನವಿಲ್ಲದ ಜ್ಞಾನದಿಂದಲೂ ಸಾಲದ ಹೊರೆಯಿಂದಲೂ ಅಲ್ಲಾಹನ ರಕ್ಷಣೆಯನ್ನು ಬೇಡುತ್ತಿದ್ದರು. ಮಕ್ಕಳನ್ನು ಉನ್ನತ ಶಿಕ್ಷಣಕ್ಕಾಗಿ ವಿದೇಶಕ್ಕೆ ಕಳುಹಿಸುವ ಪಾಲಕರು ಈ ಎರಡು ಪ್ರಾರ್ಥನೆಗಳನ್ನು ಒಟ್ಟಿಗೆ ನೆನೆಯುವುದು ಒಳಿತು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಲ್ಲಿ ಈಗ ಇದು ದೂರದ ಮಾತಾಗಿ ಉಳಿದಿಲ್ಲ. ಈಚೆಗೆ ಪಾಲಕರೊಬ್ಬರು ನಮ್ಮ ಬಳಿ ಬಂದು, "ಹಜರತ್, ದೊಡ್ಡ ಹೆಸರಿನ ಯೂನಿವರ್ಸಿಟಿ ಅಂದ್ರ ಅಲ್ಲೇ ನೌಕರಿ ಸಿಗತೈತೇನ್ರಿ?" ಎಂದು ಕೇಳಿದರು. ಮಗನಿಗೆ ಎರಡು ಕಡೆ ಪ್ರವೇಶ ದೊರೆತಿತ್ತು. ಹೆಸರುವಾಸಿಯಾದ ಕಡೆಗೆ ಕಳುಹಿಸಬೇಕಾದರೆ ಘಟಪ್ರಭೆಯ ದಂಡೆಯ ಕಬ್ಬಿನ ಹೊಲವನ್ನು ಮಾರಬೇಕು. ಸಾಲದೆ ಬಂದುದಕ್ಕೆ ಬಡ್ಡಿಯ ಸಾಲ ಎತ್ತಬೇಕು.

ಹೆಸರಿಗೆ ಬೆಲೆಯೇ ಇಲ್ಲವೆಂದರೆ ಅದು ಸತ್ಯವಾಗದು. ಬ್ರಿಟನ್ 2022ರ ಮೇ ತಿಂಗಳಲ್ಲಿ ಒಂದು ವೀಸಾ ಆರಂಭಿಸಿತು. ಜಾಗತಿಕ ಶ್ರೇಯಾಂಕದ ಮೇಲ್ಪಂಕ್ತಿಯಲ್ಲಿರುವ, ಬ್ರಿಟನ್ನಿನ ಹೊರಗಿನ ವಿಶ್ವವಿದ್ಯಾಲಯಗಳ ಪದವೀಧರರು ಕೈಯಲ್ಲಿ ಉದ್ಯೋಗವಿಲ್ಲದಿದ್ದರೂ ಅದರ ಮೂಲಕ ಅಲ್ಲಿಗೆ ಹೋಗಬಹುದು. ಮೊದಲ ಸಂದರ್ಶನದ ಬಾಗಿಲನ್ನೂ ದೊಡ್ಡ ಹೆಸರು ಕೆಲವೊಮ್ಮೆ ತೆರೆಯುತ್ತದೆ.

ಆದರೆ ಅನೇಕ ಕಡೆ ಕಾನೂನು ಕೇಳುವುದು ಕೀರ್ತಿಯನ್ನಲ್ಲ, ಮಾನ್ಯತೆಯನ್ನು. ಅಮೆರಿಕದ ಎಚ್-1ಬಿ ವೀಸಾದಲ್ಲಿ ಆ ದೇಶದ ಸ್ನಾತಕೋತ್ತರ ಪದವೀಧರರಿಗಾಗಿ 20,000ದ ಪ್ರತ್ಯೇಕ ಪಾಲಿದೆ. ಸಂಸ್ಥೆಯು ಮಾನ್ಯತೆ ಪಡೆದದ್ದಾಗಿರಬೇಕು, ಸರಕಾರಿ ಅಥವಾ ಲಾಭರಹಿತವಾಗಿರಬೇಕು. ಅದರ ಶ್ರೇಯಾಂಕವನ್ನು ಯಾರೂ ಕೇಳುವುದಿಲ್ಲ. ಕೆನಡಾದಲ್ಲಿ ಸರಕಾರಿ ಕಾಲೇಜಿನ ಪಠ್ಯಕ್ರಮವನ್ನು ಒಪ್ಪಂದದ ಮೇಲೆ ಕಲಿಸುವ ಖಾಸಗಿ ಕಾಲೇಜುಗಳಿವೆ. 2024ರ ಮೇ 15ರ ನಂತರ ಅಂಥಲ್ಲಿ ಓದು ಆರಂಭಿಸಿದವರಿಗೆ, ಪದವಿಯ ತರುವಾಯ ಸಿಗುತ್ತಿದ್ದ ಕೆಲಸದ ಪರವಾನಗಿ ಇಲ್ಲ. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕವನ್ನೇ ಪಡೆಯುವುದಿಲ್ಲ. ಪದವಿ ಮುಗಿಸಿದವರಿಗೆ ಉದ್ಯೋಗ ಹುಡುಕಲು 18 ತಿಂಗಳ ಕಾಲಾವಕಾಶವೂ ಉಂಟು. ಅಲ್ಲಿ ಹಲವೆಡೆ ಜರ್ಮನ್ ಭಾಷೆ ಬಾರದವನಿಗೆ ವಿಶ್ವವಿದ್ಯಾಲಯದ ಹೆಸರು ಹೆಚ್ಚು ದೂರ ಒಯ್ಯದು.

ನಮ್ಮ ವಿದ್ಯಾಪರಂಪರೆಯೂ ಇದನ್ನೇ ಹೇಳುತ್ತದೆ. ಹಿಂದೆ ಇಜಾಝತನ್ನು ಕೊಡುತ್ತಿದ್ದವರು ಉಸ್ತಾದರು, ಕಟ್ಟಡವಲ್ಲ. ಯಾವ ಮದರಸಾದಲ್ಲಿ ಇದ್ದೆ ಎಂಬುದಕ್ಕಿಂತ ಯಾರಿಂದ, ಯಾವ ಗ್ರಂಥವನ್ನು ಓದಿದೆ ಎಂಬ ಪ್ರಶ್ನೆ ಮುಖ್ಯವಾಗಿತ್ತು. ಇಂದಿನ ಉದ್ಯೋಗದಾತನೂ ಕೊನೆಗೆ ಕೇಳುವುದು ಅದನ್ನೇ: ನಿನಗೆ ಏನು ಬರುತ್ತದೆ?

ಸಾಲದ ವಿಷಯದಲ್ಲಂತೂ ಎಚ್ಚರ ಇನ್ನಷ್ಟು ಬೇಕು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ನೀಡುತ್ತಿದ್ದ ಕೇಂದ್ರದ 'ಪಢೋ ಪರ್‌ದೇಶ್' ಯೋಜನೆ 2022-23ರಿಂದ ನಿಂತುಹೋಗಿದೆ. ಹೊಲ ಮಾರುವ ಮೊದಲು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿಚಾರಿಸಿರಿ, ವಿದ್ಯಾರ್ಥಿವೇತನಗಳನ್ನು ಹುಡುಕಿರಿ.

ಆ ಪಾಲಕರಿಗೆ ನಾವು ಹೇಳಿದ್ದಿಷ್ಟು: ಎರಡನೆಯ ವಿಶ್ವವಿದ್ಯಾಲಯಕ್ಕೆ ಮಾನ್ಯತೆಯಿದ್ದು, ಮಗ ಬಯಸುವ ವಿಷಯವನ್ನು ಅಲ್ಲಿ ಚೆನ್ನಾಗಿ ಕಲಿಸುತ್ತಿದ್ದರೆ, ಅಲ್ಲಿಂದ ಹೊರಬಂದವರಿಗೆ ಕೆಲಸ ಸಿಕ್ಕಿದ್ದರೆ, ಅಲ್ಲಿಗೇ ಕಳುಹಿಸಿರಿ, ಹೊಲ ಉಳಿಯಲಿ. ಕೆಲಸ ತಡವಾದರೂ ಹುಡುಗ ತಲೆಯೆತ್ತಿ ಮನೆಗೆ ಮರಳಬಹುದು. ಸಾಲ ಹೊತ್ತವನಿಗೆ ಆ ದಾರಿಯೂ ಕಷ್ಟ.

ರಿಝ್ಕ್ ಕೊಡುವವನು ಅಲ್ಲಾಹನು. ಒಂಟೆಯನ್ನು ಕಟ್ಟಿ ಭರವಸೆಯಿಡುವುದು ನಮ್ಮ ಕರ್ತವ್ಯ. ವಿಚಾರಿಸಿ ನಿರ್ಧರಿಸುವುದೇ ಇಲ್ಲಿ ಆ ಹಗ್ಗ. ನಮ್ಮ ಮಕ್ಕಳಿಗೆ ಅವನು ಪ್ರಯೋಜನಕಾರಿ ಇಲ್ಮನ್ನೂ ಹಲಾಲ್ ದುಡಿಮೆಯನ್ನೂ ಕರುಣಿಸಲಿ. ಆಮೀನ್.