ಸೋರುವ ಮನೆ, ಸೆಕೆಯ ಮನೆ

ಏಪ್ರಿಲ್‌ನಲ್ಲಿ ಪುತ್ತೂರಿನ ಮನೆಗೆ ಹೋಗಿದ್ದೆ. ಮಧ್ಯರಾತ್ರಿ ಎದ್ದು ನೋಡಿದರೆ ಅಮ್ಮ ಕೋಣೆಯಲ್ಲಿಲ್ಲ! ಎದೆ ಧಸಕ್ಕೆಂದಿತು. ಹುಡುಕಿದರೆ, ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದ್ದಾಳೆ.

ತಪ್ಪು ನನ್ನದೇ. ಅಜ್ಜ ಕಟ್ಟಿಸಿದ ಮನೆ. ದಪ್ಪ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹಂಚು. ಮಂಗಗಳು ಹಂಚು ಒಡೆದು ಮಳೆಗಾಲದಲ್ಲಿ ಅಮ್ಮನ ಕೋಣೆ ಸೋರುತ್ತಿತ್ತು. 2008ರಲ್ಲಿ, ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ್ದೇ ತಡ, ಆ ಕೋಣೆಯ ಹಂಚು ಇಳಿಸಿ ತಾರಸಿ ಹಾಕಿಸಿದೆ. ಸೋರುವುದು ನಿಂತಿತು, ಸೆಕೆ ಶುರುವಾಯಿತು.

ಹಂಚು ತೆಳು, ಕತ್ತಲಾದರೆ ಬೇಗ ತಣಿಯುತ್ತದೆ. ಬಿಸಿಗಾಳಿ ಸಂದುಗಳಲ್ಲಿ ಹೊರಹೋಗುತ್ತದೆ. ಕಾಂಕ್ರೀಟು ಹಾಗಲ್ಲ, ಹಗಲಿಡೀ ಬಿಸಿಲು ಕುಡಿದು ರಾತ್ರಿ ಕೋಣೆಯೊಳಗೆ ಕಕ್ಕುತ್ತದೆ. ಫ್ಯಾನು ಹಾಕಿದರೆ ಅದೇ ಬಿಸಿಗಾಳಿ ತಲೆ ಮೇಲೆ...

"ಎಸಿ ಹಾಕಿಸುವ" ಅಂದೆ. ಎಲೆಕ್ಟ್ರಿಷಿಯನ್ ಹಳೇ ವಯರಿಂಗ್ ನೋಡಿ, "ಇದು ತಡೆಯುದಿಲ್ಲ ಸಾರ್, ಬೇರೆಯೇ ಲೈನ್ ಎಳೀಬೇಕು" ಅಂದ.

"ಎಸಿ ಎಲ್ಲ ಬೇಡ ಮಾರಾಯ" ಅಂದಳು ಅಮ್ಮ. "ಸೋರುವಾಗ ಬಾಲ್ದಿ ಇಡ್ತಿದ್ದೆ. ಈ ಸೆಕೆಗೆ ಎಂತ ಇಡುದು?"

ನನ್ನಲ್ಲಿ ಉತ್ತರವಿರಲಿಲ್ಲ. ಸದ್ಯಕ್ಕೆ ತಾರಸಿಗೆ ಸುಣ್ಣ ಬಳಿಸಿದೆ. ಬಿಸಿಲು ಸ್ವಲ್ಪವಾದರೂ ವಾಪಸ್ ಹೋಗಲಿ ಅಂತ. ಸೊಳ್ಳೆಗೆ ಹೆದರಿ ಮುಚ್ಚಿಸಿದ್ದ ಗಾಳಿಕಿಂಡಿ ತೆರೆಸಿ ಬಲೆ ಹಾಕಿಸಿದೆ. ಮುಂದಿನ ಬೇಸಿಗೆಯೊಳಗೆ ತಾರಸಿ ಮೇಲೆ, ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು, ಹಂಚಿನ ಮಾಡು ಮಾಡಿಸಬೇಕು.

ಹಂಚಿಗೆ ಎಲ್ಲೂ ಹುಡುಕಬೇಕಾಗಿಲ್ಲ. ಅವತ್ತು ಇಳಿಸಿದ್ದನ್ನೆಲ್ಲ ಅಮ್ಮ ಹಟ್ಟಿಯ ಹಿಂದೆ ಪೇರಿಸಿಟ್ಟಿದ್ದಾಳೆ.

ನೀವೂ ಹಂಚು ಇಳಿಸುವ ಮುಂಚೆ ಒಮ್ಮೆ ಯೋಚಿಸಿ, ಮಾರಾಯ್ರೆ!