ಒಂದು ‘ಭೇಷ್’

ಧಾರಾವಾಹಿಗಳೆಂದರೆ ನನಗೆ ಅಷ್ಟಕ್ಕಷ್ಟೆ. ಅತ್ತೆ ಸೊಸೆಯ ಕಾಫಿಗೆ ವಿಷ ಬೆರೆಸುವುದು, ಸೊಸೆ ಲೋಟ ತುಟಿಗಿಡುವ ಹೊತ್ತಿಗೆ ಜಾಹೀರಾತು ಬರುವುದು, ಮಾರನೆಯ ದಿನ ಲೋಟ ಕೈಜಾರಿ ಬೀಳುವುದು, ಇದನ್ನೆಲ್ಲ ನೋಡಿ ನೋಡಿ ಸಾಕಾಗಿದೆ. ಇಂಥ ನಾನು ಒಂದಿಡೀ ಬೇಸಿಗೆ ರಜೆಯನ್ನು ಅಮೆರಿಕದ ಮಾಫಿಯಾ ಗುಂಪೊಂದರ ಜೊತೆ ಕಳೆದೆ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ.

ಆದದ್ದಿಷ್ಟೆ. ಊರಿಗೆ ಬಂದಿದ್ದ ಮಗ ಲ್ಯಾಪ್‌ಟಾಪಿನಲ್ಲಿ ‘ದಿ ಸೊಪ್ರಾನೋಸ್’ ಹಾಕಿಕೊಂಡು ಕುಳಿತಿದ್ದ. ನಾನು ಬೆಳ್ಳುಳ್ಳಿ ಬಿಡಿಸುತ್ತಾ ಪಕ್ಕದಲ್ಲಿ ಕುಳಿತೆ. “ಅಮ್ಮಾ, ಇದು ನಿನಗಲ್ಲ. ಮಾತಿಗೊಂದು ಕೆಟ್ಟ ಬೈಗುಳ” ಎಂದ. ಇಪ್ಪತ್ತೆಂಟು ವರ್ಷ ಹೈಸ್ಕೂಲು ಹುಡುಗರ ನಡುವೆ ಕಳೆದವಳಿಗೆ ಯಾವ ಬೈಗುಳ ಹೊಸದು? ಸುಮ್ಮನೆ ನೋಡತೊಡಗಿದೆ. ಮಗನ ರಜೆ ಮುಗಿಯಿತು, ಅವನು ಹೊರಟುಹೋದ. ನಾನು ಉಳಿದದ್ದನ್ನು ಒಬ್ಬಳೇ ನೋಡಿ ಮುಗಿಸಿದೆ. 1999ರಿಂದ 2007ರವರೆಗೆ ಎಚ್‌ಬಿಓ ಎಂಬ ಅಲ್ಲಿನ ವಾಹಿನಿಯಲ್ಲಿ ಬಂದ ಒಟ್ಟು 86 ಕಂತುಗಳು.

ಡೇವಿಡ್ ಚೇಸ್ ಎಂಬಾತ ಸೃಷ್ಟಿಸಿದ ಈ ಕಥೆ ನಡೆಯುವುದು ನ್ಯೂಜೆರ್ಸಿಯಲ್ಲಿ. ಇಟಲಿಯಿಂದ ಹೋಗಿ ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು. ಅವರ ನಾಯಕ ಟೋನಿ ಸೊಪ್ರಾನೋ. ಹೊರಗೆ ಕೊಲೆ, ಸುಲಿಗೆ. ಒಳಗೆ ಹೆಂಡತಿ, ಎರಡು ಮಕ್ಕಳು, ತಾಯಿಯ ಕಾಟ. ಜೊತೆಗೆ ಮನೋವೈದ್ಯೆಯ ಮುಂದೆ ಕುಳಿತು ತನ್ನ ಸಂಕಟ ತೋಡಿಕೊಳ್ಳುವುದು ಬೇರೆ. ನೋಡಿದವರೆಲ್ಲ ಟೋನಿಯ ಬಗ್ಗೆ, ಆ ಪಾತ್ರ ಮಾಡಿದ ಜೇಮ್ಸ್ ಗ್ಯಾಂಡೊಲ್ಫಿನಿಯ ಬಗ್ಗೆಯೇ ಮಾತಾಡುತ್ತಾರೆ. ನನ್ನ ಕಣ್ಣು ಮಾತ್ರ ಮೊದಲ ಕಂತಿನಿಂದಲೇ ಕ್ರಿಸ್ಟೋಫರ್ ಎಂಬ ಹುಡುಗನ ಮೇಲೆ ಬಿತ್ತು. ಮೇಷ್ಟ್ರ ಕಣ್ಣು ಎಲ್ಲಿ ಹೋದರೂ ಕೊನೆಯ ಬೆಂಚಿನ ಕಡೆಗೇ ಹೋಗುತ್ತದೆ, ಏನು ಮಾಡುವುದು?

ಕ್ರಿಸ್ಟೋಫರ್ ಮೋಲ್ಟಿಸಾಂಟಿ, ಟೋನಿಯ ಹೆಂಡತಿಗೆ ದಾಯಾದಿ ಅಣ್ಣನಂಥವನ ಮಗ. ಅಂದರೆ ನಮ್ಮ ಲೆಕ್ಕದಲ್ಲೂ ಟೋನಿಗೆ ಅಳಿಯನೇ ಆಗಬೇಕು. ಕೂಸಾಗಿದ್ದಾಗಲೇ ಅಪ್ಪ ಕೊಲೆಯಾಗಿದ್ದಾನೆ. ಆ ಅಪ್ಪನಿಗೂ ಇದೇ ಕಸುಬು. ಹುಡುಗನಿಗೆ ಎರಡು ಆಸೆ. ಒಂದು, ಮಾವನ ಗುಂಪಿನಲ್ಲಿ ದೀಕ್ಷೆ ಪಡೆದ ಗಂಡಸಾಗುವುದು. ಇನ್ನೊಂದು, ಸಿನಿಮಾಕ್ಕೆ ಕಥೆ ಬರೆಯುವುದು. ಕೊಲೆಗಡುಕನಿಗೆ ಸಾಹಿತ್ಯದ ಹುಚ್ಚು ಎಂದು ಮೊದಲು ನನಗೆ ನಗು ಬಂತು. ಹತ್ತು ಕಂತು ಕಳೆಯುವ ಹೊತ್ತಿಗೆ ನಗು ನಿಂತಿತ್ತು. ಈ ಎರಡು ಆಸೆಗಳೂ ಬೇರೆ ಬೇರೆಯಲ್ಲ, ಒಂದೇ ಹಸಿವಿನ ಎರಡು ಹೆಸರು ಎಂದು ತೋರತೊಡಗಿತ್ತು.

ಮೊದಲ ಕಂತಿನಲ್ಲೇ ಅವನು ಒಬ್ಬನನ್ನು ಕೊಲ್ಲುತ್ತಾನೆ. ಕಸ ಸಾಗಿಸುವ ಗುತ್ತಿಗೆಯ ಪೈಪೋಟಿ. ಯಾರೂ ಕೊಲ್ಲು ಎಂದು ಹೇಳಿರಲಿಲ್ಲ. ಮಾವನಿಗೆ ಉಪಕಾರವಾದೀತು ಎಂದು ತಾನಾಗಿಯೇ ಮಾಡಿದ ಕೆಲಸ. ಆಮೇಲೆ ಮನೆಯಲ್ಲಿ ಔತಣ ನಡೆಯುತ್ತಿರುವಾಗ ಈತ ಮುಖ ಊದಿಸಿಕೊಂಡು ಕುಳಿತಿರುತ್ತಾನೆ. ಯಾಕೆಂದು ಟೋನಿ ಕೇಳಿದರೆ, ಇಷ್ಟು ಮಾಡಿದರೂ ನೀನು ಒಂದು ಒಳ್ಳೆಯ ಮಾತು ಆಡಲಿಲ್ಲವಲ್ಲ ಎಂಬ ದೂರು. ಅಯ್ಯೋ ದೇವರೇ ಎನಿಸಿತು. ಸತ್ತವನ ಬಗ್ಗೆ ಚಿಂತೆಯಿಲ್ಲ, ಪೊಲೀಸರ ಭಯವಿಲ್ಲ, ಯಾರೂ ‘ಭೇಷ್’ ಎನ್ನಲಿಲ್ಲ ಎಂಬ ದುಃಖ! ಅದಕ್ಕೆ ಟೋನಿ ಕೊಡುವ ಉತ್ತರ ಇನ್ನೂ ವಿಚಿತ್ರ: ನೀನು ಹೇಳುವುದು ಸರಿ, ಆದರೆ ನನ್ನನ್ನು ಬೆಳೆಸಿದ್ದೂ ಹೀಗೆಯೇ. ಮುಂದಿನ ಕ್ಷಣದಲ್ಲೇ ಹುಡುಗ ಸಿನಿಮಾ ಬರೆಯುವ ಮಾತೆತ್ತಿದಾಗ ಮಾವ ಅವನ ಕೊರಳಪಟ್ಟಿ ಹಿಡಿಯುತ್ತಾನೆ.

ಅದೇ ವರ್ಷದ ಇನ್ನೊಂದು ಕಂತಿನಲ್ಲಿ ಪೊಲೀಸರ ಕಣ್ಣಿಗೆ ಬಿದ್ದವರ ಹೆಸರುಗಳು ಸುದ್ದಿಯಾಗುತ್ತವೆ. ತನ್ನ ಹೆಸರಿಲ್ಲವಲ್ಲ ಎಂದು ಇವನು ಹಾಸಿಗೆ ಹಿಡಿದವನಂತೆ ಆಗುತ್ತಾನೆ. ಎಲ್ಲರ ಕಥೆಗೂ ಒಂದು ಏರು ಇಳಿವು ಇದೆ, ನನ್ನ ಕಥೆಗೆ ಯಾಕಿಲ್ಲ ಎಂಬ ಹಲುಬು. ಕೊನೆಗೊಂದು ದಿನ ತಾಯಿ ಫೋನು ಮಾಡಿ, ನಿನ್ನ ಹೆಸರು ಪೇಪರಿನಲ್ಲಿ ಬಂದಿದೆ ಎನ್ನುತ್ತಾಳೆ. ಓಡಿಹೋಗಿ, ಪತ್ರಿಕೆ ಮಾರುವ ಪೆಟ್ಟಿಗೆಯಿಂದ ಇದ್ದಬದ್ದ ಪ್ರತಿಗಳನ್ನೆಲ್ಲ ಬಾಚಿಕೊಳ್ಳುತ್ತಾನೆ. ನಮ್ಮ ಕಾಲದಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಪತ್ರಿಕೆಯಲ್ಲಿ ಬರುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಕಟ್ಟು ಬಿಚ್ಚುವುದನ್ನೇ ಕಾದು, ನಮ್ಮ ನಂಬರು ಸಿಕ್ಕಾಗ ಕುಣಿದಾಡಿದ್ದು ನೆನಪಿರಬೇಕು ನಿಮಗೂ. ಅವನ ಮುಖದಲ್ಲಿ ಕಂಡದ್ದು ಅದೇ ಬೆಳಕು. ನಮ್ಮದು ಪಾಸಾದವರ ಪಟ್ಟಿ, ಅವನದು ಪಾತಕಿಗಳದು, ಅಷ್ಟೇ ವ್ಯತ್ಯಾಸ.

ಹಾಗೆಂದು ಅವನಿಗೆ ಬರೆಯುವ ಶಕ್ತಿ ಇರಲಿಲ್ಲವೆ? ಕಂಪ್ಯೂಟರ್ ಕೊಂಡರೆ ಅದೇ ಅರ್ಧ ಬರೆದುಕೊಡುತ್ತದೆ ಎಂದುಕೊಂಡಿದ್ದ ಪೆದ್ದ. ಅವನು ಟೈಪು ಮಾಡಿದ ಪುಟ ಪರದೆಯ ಮೇಲೆ ಕಂಡಾಗ ಸ್ಪೆಲ್ಲಿಂಗ್ ತಪ್ಪುಗಳು ಎದ್ದು ಕಾಣುತ್ತವೆ; ನಿಷ್ಠೆ ಎಂಬರ್ಥದ ಪದವನ್ನೇ ತಪ್ಪು ಬರೆದಿದ್ದಾನೆ. ನನ್ನ ಕೈ ಅಪ್ರಯತ್ನವಾಗಿ ಕೆಂಪು ಪೆನ್ನು ಹುಡುಕಿತು. ಹುಡುಕಿದ ಕೈ ಹಾಗೇ ನಿಂತಿತು.

ನಿಂತದ್ದಕ್ಕೆ ಕಾರಣವಿದೆ. ಬಹಳ ವರ್ಷಗಳ ಹಿಂದೆ ನಾನು ಎಂಟನೆಯ ತರಗತಿಗೆ ‘ನಾನು ಕಂಡ ಜಾತ್ರೆ’ ಎಂಬ ಪ್ರಬಂಧ ಕೊಟ್ಟಿದ್ದೆ. ಎಲ್ಲರೂ ತೇರು, ಬೆಂಡು ಬತ್ತಾಸು, ಬಳೆ ಅಂಗಡಿ ಎಂದು ಬರೆದರು. ಲಾರಿ ಕ್ಲೀನರನ ಮಗನೊಬ್ಬ ಮಾತ್ರ, ಜಾತ್ರೆ ಮುಗಿದ ರಾತ್ರಿಯನ್ನು ಬರೆದಿದ್ದ. ಬಲೂನು ಮಾರುವವನು ಮಾರದೆ ಉಳಿದ ಬಲೂನುಗಳ ಗಾಳಿ ಬಿಟ್ಟು, ಮಡಿಸಿ ಚೀಲಕ್ಕೆ ಹಾಕಿಕೊಂಡದ್ದು. ಅವನ ಮಗಳು ಒಂದನ್ನು ಕೇಳಿ ಹೊಡೆಸಿಕೊಂಡದ್ದು. ಪುಟದ ತುಂಬ ಅಲ್ಪಪ್ರಾಣ ಮಹಾಪ್ರಾಣದ ತಪ್ಪು. ‘ರಥ’ ಎಂಬುದನ್ನು ಎಲ್ಲ ಕಡೆಯೂ ‘ರತ’ ಎಂದೇ ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಾ ಹೋದೆ, ಹತ್ತಕ್ಕೆ ಮೂರು ಕೊಟ್ಟೆ, ‘ರಥ’ ಎಂದು ನೂರು ಸಲ ಬರೆದುಕೊಂಡು ಬಾ ಎಂದೆ. ಬರೆದು ತಂದ. ಮುಂದಿನ ಸಲ ಅವನ ಪ್ರಬಂಧದಲ್ಲಿ ಒಂದು ತಪ್ಪೂ ಇರಲಿಲ್ಲ. ಗೈಡಿನಿಂದ ಅಕ್ಷರಶಃ ಇಳಿಸಿದ್ದ. ನನಗೆ ಗೊತ್ತಾಯಿತು. ಗೊತ್ತಾಗಿಯೂ ಎಂಟು ಅಂಕ ಕೊಟ್ಟೆ.

ಕ್ರಿಸ್ಟೋಫರನ ಕಡೆಗೆ ಬರೋಣ. ಅವನನ್ನು ಓದಿದವಳು, ಬರೆ ಎಂದವಳು ಒಬ್ಬಳೇ: ಅವನ ಪ್ರೇಯಸಿ ಏಡ್ರಿಯಾನಾ. 2000ದ ಸರಣಿಯಲ್ಲಿ ಆಕೆ ಅವನಿಗೆ ಉಡುಗೊರೆಯಾಗಿ ಲೇಖಕರಿಗೆಂದೇ ನಡೆಸುವ ಅಭಿನಯ ತರಗತಿಗೆ ಹಣ ಕಟ್ಟುತ್ತಾಳೆ. ಅಲ್ಲಿ ಒಂದು ಹಳೆಯ ಸಿನಿಮಾದ ದೃಶ್ಯ. ಮಗ ಅಪ್ಪನ ಕಾಲು ಹಿಡಿದು ಅಳಬೇಕು. ಇವನು ನಿಜವಾಗಿಯೇ ಅತ್ತುಬಿಡುತ್ತಾನೆ. ಸಹಪಾಠಿಗಳೆಲ್ಲ ಚಪ್ಪಾಳೆ ತಟ್ಟುತ್ತಾರೆ. ಜನ್ಮದಲ್ಲಿ ಮೊದಲ ಬಾರಿಗೆ, ರಕ್ತ ಹರಿಸದೆ ಸಿಕ್ಕ ‘ಭೇಷ್’ ಅದು. ಅವನಿಗೆ ತಡೆದುಕೊಳ್ಳಲು ಆಗುವುದಿಲ್ಲ. ಮುಂದಿನ ತರಗತಿಯಲ್ಲಿ ಅಪ್ಪನ ಪಾತ್ರ ಮಾಡಿದವನಿಗೇ ಹೊಡೆಯುತ್ತಾನೆ. ಆ ರಾತ್ರಿ ಬರೆದಿಟ್ಟದ್ದನ್ನೆಲ್ಲ ಕಸದ ತೊಟ್ಟಿಗೆ ಸುರಿಯುತ್ತಾನೆ. ಅತ್ತದ್ದನ್ನು ನಾಲ್ಕು ಜನ ನೋಡಿದರಲ್ಲ ಎಂಬ ನಾಚಿಕೆ ಹುಡುಗರನ್ನು ಏನೆಲ್ಲ ಮಾಡಿಸುತ್ತದೆ ಎಂಬುದು ಗಂಡುಮಕ್ಕಳ ತಾಯಂದಿರಿಗೆ ಹೇಳಬೇಕಾಗಿಲ್ಲ.

ಅದೇ ಸರಣಿಯಲ್ಲಿ, ಇವನಿಗಿಂತ ಚಿಕ್ಕ ಇಬ್ಬರು ಹುಡುಗರು ದೊಡ್ಡವನೊಬ್ಬನನ್ನು ಮೆಚ್ಚಿಸಲೆಂದು ಇವನಿಗೇ ಗುಂಡು ಹಾರಿಸುತ್ತಾರೆ. ಇವನ ಹಿಂದಿನ ಬೆಂಚಿನಲ್ಲೂ ‘ಭೇಷ್’ಗಾಗಿ ಕಾದು ಕುಳಿತವರಿದ್ದರು ಎನ್ನಿ. ಹೇಗೋ ಬದುಕುತ್ತಾನೆ. 2001ರಲ್ಲಿ ದೀಕ್ಷೆಯೂ ಆಗುತ್ತದೆ: ಬೆರಳಿಗೆ ಚುಚ್ಚಿ ರಕ್ತ, ಸಂತನ ಪಟ ಸುಡುವುದು, ಪ್ರಮಾಣ. ಅದೇ ಹೊತ್ತಿಗೆ ಕಿಟಕಿಯಾಚೆ ಒಂದು ಕಾಗೆ ಕಾಣಿಸಿ ಅವನಿಗೆ ಅಪಶಕುನವೆನಿಸುತ್ತದೆ. ನಮ್ಮಲ್ಲಾದರೆ ನೆಂಟರು ಬರುತ್ತಾರೆ ಎನ್ನುತ್ತಿದ್ದೆವು. ಅಲ್ಲೂ ಬಂದದ್ದು ಒಂದು ಬಗೆಯ ನೆಂಟರೇ. ಮೇಲಿನವನಿಗೆ ವಾರ ವಾರ ಪಾಲು ಕಟ್ಟುವ ಕಷ್ಟ ಶುರುವಾಯಿತು. ಬೇಡಿದ್ದು ಸಿಕ್ಕಿತು, ಹಸಿವು ಹಾಗೇ ಉಳಿಯಿತು. ಆಮೇಲೆ ಮಾದಕವಸ್ತು.

ನನ್ನ ನಿದ್ದೆಗೆಡಿಸಿದ್ದು 2004ರ ಕಂತು. ಪೊಲೀಸರ ಒತ್ತಡಕ್ಕೆ ಸಿಕ್ಕಿ ಏಡ್ರಿಯಾನಾ ಗುಂಪಿನ ಸುದ್ದಿ ಕೊಡುತ್ತಿದ್ದಳು. ಕೊನೆಗೆ ಎಲ್ಲವನ್ನೂ ಅವನಿಗೆ ಹೇಳಿ, ಸರ್ಕಾರದ ರಕ್ಷಣೆಯಲ್ಲಿ ಬೇರೆ ಹೆಸರಿಟ್ಟುಕೊಂಡು ಎಲ್ಲಿಯಾದರೂ ಬದುಕೋಣ, ನೀನು ಬರೆದುಕೊಂಡಿರಬಹುದು ಎಂದು ಅಂಗಲಾಚುತ್ತಾಳೆ. ಅವನು ಹೊಡೆದು, ಅತ್ತು, ಅರ್ಧ ಒಪ್ಪಿ, ಸಿಗರೇಟು ತರುತ್ತೇನೆಂದು ಹೊರಡುತ್ತಾನೆ. ಪೆಟ್ರೋಲ್ ಬಂಕಿನಲ್ಲಿ ಒಂದು ಸಂಸಾರ ಕಾಣುತ್ತದೆ. ಹಳೆಯ ಕಾರು, ಗಲಾಟೆ ಮಾಡುವ ಮಕ್ಕಳು, ಹೆಂಡತಿ, ಬಡಕಲು ವೇಷದ ಗಂಡ. ಕ್ರಿಸ್ಟೋಫರ್ ಅದನ್ನೇ ನೋಡುತ್ತಾನೆ. ಒಂದು ಮಾತೂ ಇಲ್ಲ. ಆದರೆ ಅಲ್ಲೇ ತೀರ್ಮಾನವಾಗಿಹೋಯಿತು ಎಂದು ನನಗೆ ತಿಳಿದುಹೋಯಿತು. ನೇರ ಮಾವನ ಬಳಿ ಹೋಗಿ ಎಲ್ಲ ಹೇಳಿಬಿಡುತ್ತಾನೆ. ಅವನು ಸಾಯಲು ಹೊರಟಿದ್ದ, ಆಸ್ಪತ್ರೆಯಲ್ಲಿದ್ದಾನೆ ಎಂದು ಸುಳ್ಳು ಹೇಳಿ ಅವಳನ್ನು ಕರೆದೊಯ್ದು, ಕಾಡಿನಲ್ಲಿ ಕೊಲ್ಲುತ್ತಾರೆ.

ಆ ಬಂಕಿನಲ್ಲಿದ್ದವರು ಯಾರು ಹೇಳಿ? ನಾವೇ. ತಿಂಗಳ ಕೊನೆಗೆ ಲೆಕ್ಕ ಹಾಕುವ, ಹಿಂದಿನ ಸೀಟಿನ ಮಕ್ಕಳಿಗೆ ಗದರುವ, ಪೇಪರಿನಲ್ಲಿ ಎಂದೂ ಹೆಸರು ಬರದ ಜನ. ನಮ್ಮಂತಾಗುವುದಕ್ಕಿಂತ, ತನ್ನನ್ನು ಓದಿದ ಒಬ್ಬಳೇ ಹೆಣ್ಣನ್ನು ಕೊಲ್ಲಲು ಕೊಡುವುದೇ ಅವನಿಗೆ ಸುಲಭವಾಯಿತು. ಇದನ್ನು ಪಾಪವೆನ್ನಲೋ, ಇಷ್ಟು ದಿನ ‘ಬುದ್ಧಿವಂತರಾಗಿ, ಹೆಸರು ಮಾಡಿ’ ಎಂದು ಮಕ್ಕಳಿಗೆ ಬೋಧಿಸಿದ ನಾವೂ ಎಲ್ಲೋ ಸ್ವಲ್ಪ ಪಾಲುದಾರರೋ ಎಂದು ಆ ರಾತ್ರಿಯೆಲ್ಲ ಹೊರಳಾಡಿದೆ. ಸಾಧಾರಣವಾಗಿ ಬದುಕುವುದಕ್ಕೂ ‘ಭೇಷ್’ ಎಂದು ನಾನು ಯಾವ ಹುಡುಗನಿಗೆ ಹೇಳಿದ್ದೇನೆ?

ಕೊನೆಗೆ ಅವನ ಸಿನಿಮಾವೂ ಆಗುತ್ತದೆ, ಅದೂ ಒಂದು ಭಯಾನಕ ಚಿತ್ರ. ಅದರಲ್ಲಿ ಯಜಮಾನನ ಪಾತ್ರ ಟೋನಿಯಂತೆಯೇ. ಅದೇ ಗತ್ತು, ಮನೆಯಲ್ಲಿ ತೊಡುವ ಅದೇ ನಿಲುವಂಗಿ. ಕಥಾನಾಯಕ ಅವನ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ. ಇಷ್ಟು ವರ್ಷ ಬಾಯಲ್ಲಿ ಆಡಲಾಗದ್ದನ್ನು ಹುಡುಗ ಕಡೆಗೂ ಬರೆದಿದ್ದ. ಟೋನಿಗೆ ಮೊದಲು ಹೊಳೆಯಲಿಲ್ಲ, ಹೆಂಡತಿ ತೋರಿಸಿಕೊಟ್ಟಳು. ಹೊಳೆದ ಮೇಲೆ ಮಾತ್ರ ಮನಸ್ಸಿಗೆ ಹಚ್ಚಿಕೊಂಡ. ಇವನು ನನ್ನನ್ನು ಇಷ್ಟು ದ್ವೇಷಿಸುತ್ತಾನೆಯೇ ಎಂದು ನೊಂದ. ಏಡ್ರಿಯಾನಾಳ ನಂತರ ಕ್ರಿಸ್ಟೋಫರನಿಗೆ ಸಿಕ್ಕ ಏಕೈಕ ನಿಜವಾದ ಓದುಗ ಅವನೇ. ಕೆಲವೇ ಕಂತುಗಳ ನಂತರ, 2007ರಲ್ಲಿ, ಅಮಲಿನಲ್ಲಿ ಕಾರು ಓಡಿಸಿ ಉರುಳಿಸಿದ ಅಳಿಯ ಗಾಯಗೊಂಡು ಏದುಸಿರು ಬಿಡುತ್ತಿರುವಾಗ, ಟೋನಿ ಸಹಾಯಕ್ಕೆಂದು ಫೋನು ಒತ್ತಹೋದವನು ನಿಲ್ಲಿಸಿ, ಅವನ ಮೂಗು ಹಿಡಿದು ಮುಚ್ಚುತ್ತಾನೆ. ಕಾರಿನ ಹಿಂದಿನ ಸೀಟಿನಲ್ಲಿ ಕ್ರಿಸ್ಟೋಫರನ ಮಗುವಿನ ಪುಟ್ಟ ಕುರ್ಚಿ. ಅದಕ್ಕೆ ಮರದ ಕೊಂಬೆಯೊಂದು ಹೊಕ್ಕಿರುತ್ತದೆ.

ಕ್ರಿಸ್ಟೋಫರನ ಪಾತ್ರ ಮಾಡಿದ ಮೈಕೆಲ್ ಇಂಪೀರಿಯೋಲಿ ಇದೇ ಧಾರಾವಾಹಿಯ ಐದು ಕಂತುಗಳನ್ನು ಸ್ವತಃ ಬರೆದರಂತೆ. 2004ರಲ್ಲಿ ಅವರಿಗೆ ಎಮ್ಮಿ ಪ್ರಶಸ್ತಿಯೂ ಬಂತು. ಗುಂಡೇಟು ತಿಂದ ಕ್ರಿಸ್ಟೋಫರ್ ಆಸ್ಪತ್ರೆಯಲ್ಲಿ ನರಕ ಕಂಡೆ ಎಂದು ಬಡಬಡಿಸುವ ಕಂತು ಅವರದೇ ಬರಹ. ಹುಡುಗನಿಗೆ ಆಗದೆ ಹೋದದ್ದು ಅವನ ವೇಷ ಹಾಕಿದವರಿಗೆ ಆಯಿತು. ಅದನ್ನು ತಿಳಿದಾಗ ಯಾಕೋ ಸ್ವಲ್ಪ ಸಮಾಧಾನವಾಯಿತು.

ಜಾತ್ರೆಯ ಪ್ರಬಂಧ ಬರೆದ ನನ್ನ ಹುಡುಗ ಕಳ್ಳನೂ ಆಗಲಿಲ್ಲ, ಸುಳ್ಳನೂ ಆಗಲಿಲ್ಲ. ನಮ್ಮೂರಿನಲ್ಲೇ ಪಂಚರ್ ಅಂಗಡಿ ಇಟ್ಟುಕೊಂಡು, ಹೆಂಡತಿ ಮಕ್ಕಳೊಂದಿಗೆ ಚೆನ್ನಾಗಿದ್ದಾನೆ. ಶಾಲೆ ಶುರುವಾಗುವ ಮುಂಚೆ ಸ್ಕೂಟಿಯ ಚಕ್ರಕ್ಕೆ ಗಾಳಿ ಹಿಡಿಸಲು ಹೋಗಿದ್ದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಧೈರ್ಯ ಮಾಡಿ ಕೇಳಿಯೇಬಿಟ್ಟೆ: “ಎಂಟನೇ ಕ್ಲಾಸಿನಲ್ಲಿ ಜಾತ್ರೆಯ ಪ್ರಬಂಧ ಬರೆದಿದ್ದೆಯಲ್ಲಪ್ಪಾ, ನೆನಪಿದೆಯಾ?”

ಅವನು ಮನಸಾರೆ ನಕ್ಕ. “ನೆನಪಿಲ್ದೆ ಏನು ಮೇಡಂ! ರಥ ಅಂತ ನೂರು ಸಲ ಬರೆಸಿದ್ರಿ. ಇವತ್ತಿಗೂ ಒಂದು ದಿನ ತಪ್ಪಿಲ್ಲ ನೋಡಿ.”

“ಅದಲ್ಲ. ಬಲೂನು ಮಾರುವವನ ವಿಷಯ, ಅವನ ಮಗಳ ವಿಷಯ ಬರೆದಿದ್ದೆ. ಬಹಳ ಚೆನ್ನಾಗಿತ್ತು.”

ಅವನು ಗಾಳಿಯ ಪೈಪು ಸುತ್ತಿಡುತ್ತಾ ಸ್ವಲ್ಪ ಹೊತ್ತು ಯೋಚಿಸಿದ.

“ಹೌದಾ ಮೇಡಂ?” ಎಂದ. “ನಾನಾ ಬರ್ದಿದ್ದು?”