ದೂರ ಹೊರಟ್ರಾ?

ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಅದಕ್ಕೇ ಎದುರುಮನೆಯವರು ‘ದೂರ ಹೊರಟ್ರಾ ಸಾರ್?’ ಎನ್ನುತ್ತಾರೆ. ಅರವತ್ತು ದಾಟಿದ ಮೇಲೆ ಸೈಕಲ್ ಹತ್ತಿದವನಿಗೆ ಇದು ಇನ್ನೂ ಕಷ್ಟದ ಪ್ರಶ್ನೆ. ಕುಕ್ಕರಹಳ್ಳಿ ಕೆರೆಯ ಕಡೆ ಹೋಗಿ, ಬೋಗಾದಿ ರಸ್ತೆಯಲ್ಲಿ ಒಂದಷ್ಟು ಬೆವರು ಸುರಿಸಿ, ಹೊರಟ ಗೇಟಿಗೇ ವಾಪಸು ಬರುತ್ತೇನೆ ಎಂದು ಯಾವ ಬಾಯಲ್ಲಿ ಹೇಳುವುದು? ಕೆಡುವುದಕ್ಕಾದರೂ ಒಂದು ಕೆಲಸ ಬೇಡವೇ!

ಇದೆಲ್ಲ ಮಂಡಿಯ ಕೃಪೆ. ‘ನಡೆದರೆ ಮೈಭಾರವೆಲ್ಲ ಮಂಡಿಗೆ ಬೀಳುತ್ತೆ, ಸೈಕಲ್ಲಾದರೆ ಬಹುಪಾಲು ಭಾರ ಸೀಟೇ ಹೊರುತ್ತೆ’ ಎಂದರು ಡಾಕ್ಟರು. ಸೀಟಿನ ಮೇಲೆ ಭಾರ ಹಾಕಿಯೇ ಸರ್ವಿಸ್ ಪೂರೈಸಿದ ನನಗೆ ಈ ಚಿಕಿತ್ಸೆ ಒಗ್ಗೀತು ಅನ್ನಿಸಿತು.

ಅಂಗಡಿಯ ಹುಡುಗ ನನ್ನನ್ನು ಸೈಕಲ್ ಮೇಲೆ ಕೂರಿಸಿ, ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಡಿಸಿ, ಕಾಲು ನೆಟ್ಟಗಾಗುವವರೆಗೆ ಸೀಟನ್ನು ಬೆರಳಷ್ಟು ಬೆರಳಷ್ಟೇ ಏರಿಸಿದ. ‘ಈಗ ಮುಂಗಾಲಲ್ಲಿ ತುಳೀರಿ ಅಂಕಲ್. ಮಂಡಿ ಒಂಚೂರು ಬಾಗಿರುತ್ತೆ, ನೋವು ಬರಲ್ಲ.’ ದರ್ಜಿ ಕೋಟಿಗೆ ಅಳತೆ ತೆಗೆದ ಹಾಗಿತ್ತು. ಅಪ್ಪನ ಅಟ್ಲಾಸ್ ಸೈಕಲ್ಲಿನ ಸೀಟು ಇದ್ದದ್ದು ಅಪ್ಪನ ಎತ್ತರಕ್ಕೆ. ಅದನ್ನು ಇಳಿಸುವ ಮಾತೇ ಇರಲಿಲ್ಲ. ಅಡ್ಡಕಂಬಿಯ ಕೆಳಗೆ ಬಲಗಾಲು ತೂರಿಸಿ, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಬಲಗಂಕುಳಲ್ಲಿ ಸೀಟು ಅವುಚಿಕೊಂಡು ಅರ್ಧರ್ಧ ತುಳಿಯುತ್ತಿದ್ದೆವು. ಆಗ ಸೈಕಲ್ಲಿಗೆ ನಾವು ಹೊಂದಿಕೊಳ್ಳಬೇಕಿತ್ತು.

ಹೊಸದಕ್ಕೆ 21 ಗೇರು. ಮೊದಮೊದಲು ಸಂಕೋಚವಾಯಿತು. ಆಮೇಲೆ ಆನ್ರಿ ದೆಗ್ರಾಂಜ್ ಕಥೆ ಓದಿ ಸಮಾಧಾನವಾಯಿತು. ಟೂರ್ ದ ಫ್ರಾನ್ಸ್ ಪಂದ್ಯ ಹುಟ್ಟುಹಾಕಿದ ಈ ಮಹಾಶಯರಿಗೆ ಗೇರು ಕಂಡರಾಗುತ್ತಿರಲಿಲ್ಲ; ಅದೇನಿದ್ದರೂ ನಲವತ್ತೈದು ದಾಟಿದವರಿಗೆ ಎಂಬುದು ಅವರ ವಾದ. 1903ರಲ್ಲಿ ಶುರುವಾದ ಪಂದ್ಯದಲ್ಲಿ ಗೇರು ಬದಲಿಸುವ ಡಿರೇಲರ್‌ಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಗಟ್ಟಿ ಕಾಲಿನವರು ಅಷ್ಟು ವರ್ಷ ಕಾದದ್ದು ನನಗೆ ಸೀನಿಯಾರಿಟಿ ಮೇಲೆ ನೇರವಾಗಿ ಸಿಕ್ಕಿತು.

ಗೇರು ಇಲ್ಲದ ಆ ಅಟ್ಲಾಸ್ ಕೆಲಸವಿಲ್ಲದೆ ಅಂಗಳ ದಾಟಿದ್ದು ನನಗೆ ನೆನಪಿಲ್ಲ. ಕ್ಯಾರಿಯರ್ ಮೇಲೆ ರಾಗಿ ಚೀಲವನ್ನು ಹಳೇ ಟ್ಯೂಬಿನಿಂದ ಬಿಗಿದು ಮಿಲ್ಲಿಗೆ. ಹ್ಯಾಂಡಲಿಗೆ ಡಬ್ಬ ತೂಗುಹಾಕಿ ಸೀಮೆಎಣ್ಣೆಗೆ. ತಂಗಿಯನ್ನು ಬಾರಿನ ಮೇಲೆ ಕೂರಿಸಿಕೊಂಡು ಶಾಲೆಗೆ. ಡಬಲ್ಸ್ ಕಂಡರೆ ಪೊಲೀಸಿನವರು ಚಕ್ರದ ಗಾಳಿ ಬಿಡುತ್ತಿದ್ದರು. ಅಷ್ಟು ದೂರ ತಳ್ಳಿಕೊಂಡು ಬಂದದ್ದನ್ನು ವ್ಯಾಯಾಮ ಎಂದು ಯಾರೂ ಕರೆಯಲಿಲ್ಲ. ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ 2020ರ ಜೂನ್ 3ರಂದು, ಸರಿಯಾಗಿ ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಅಪ್ಪನ ಕೂಗು: ‘ಲೋ, ಸೈಕಲ್ ತಗೊಳ್ಳೋ!’ ಎಲ್ಲಿಗೆ, ಯಾಕೆ ಎಂಬುದೆಲ್ಲ ಆಮೇಲೆ.

ಈಗ ಹಾಗೆ ಕೂಗುವವರಿಲ್ಲ. ಪುಣೆಯಲ್ಲಿರುವ ಮಗಳು ಅಲ್ಲಿಂದಲೇ ಫೋನ್ ಒತ್ತಿದರೆ ಮೈಸೂರಿನ ನಮ್ಮ ಬಾಗಿಲಿಗೆ ಕೊತ್ತಂಬರಿ ಸೊಪ್ಪು ಬರುತ್ತದೆ. ಹೊಸ ಸೈಕಲ್ಲಿಗೋ, ಕ್ಯಾರಿಯರ್ರೇ ಇಲ್ಲ. ಹಾಕಿಕೊಡು ಎಂದರೆ ಅಂಗಡಿಯ ಹುಡುಗ ಮುಖ ಹುಳ್ಳಗೆ ಮಾಡಿ, ‘ಲುಕ್ ಹೋಗುತ್ತೆ ಅಂಕಲ್’ ಎಂದ. ನನ್ನ ಲುಕ್ ಹೋಗಿ ಎಷ್ಟು ಕಾಲವಾಯಿತೋ, ಸೈಕಲ್ಲಿನದೂ ಹೋಗಲಿ ಎಂದು ಹಾಕಿಸಿದೆ.

ಮರುದಿನ ಬೆಳಿಗ್ಗೆಯೇ ಒಳಗಿನಿಂದ ದನಿ ಬಂತು: ‘ರೀ, ಹೇಗಿದ್ದರೂ ಹೋಗ್ತೀರಲ್ಲ, ಕಾಫಿಪುಡಿ ತಂದ್ಬಿಡಿ.’ ಅವತ್ತು ದಾರಿಯ ಏರು ಏರೆಂದೇ ಅನ್ನಿಸಲಿಲ್ಲ. ಪಕ್ಕದಲ್ಲಿ ಹೆಲ್ಮೆಟ್ಟು, ಕಪ್ಪು ಕನ್ನಡಕದ ಹುಡುಗರು ಚಾಮುಂಡಿ ಬೆಟ್ಟ ಹತ್ತಲೆಂದು ‘ಗುಡ್ ಮಾರ್ನಿಂಗ್ ಅಂಕಲ್’ ಎನ್ನುತ್ತ ಸುಯ್ಯನೆ ದಾಟಿಹೋದರು. ಹೋಗಲಿ ಪಾಪ, ಅವರಿಗೆ ಬೇರೆ ಕೆಲಸವಿಲ್ಲ. ಅಂಗಡಿ ತೆಗೆಯುವ ಹೊತ್ತಿಗೆ ನಾನು ಅಲ್ಲಿರಬೇಕು.

ಕಾಫಿಪುಡಿಯ ಹಿಂದೆ ಬಾಳೆಎಲೆ, ಅದರ ಹಿಂದೆ ಕೊನೆಗೂ ರಾಗಿ ಚೀಲ ಬಂತು.

ಮೊನ್ನೆ ಡಾಕ್ಟರು ಮಂಡಿ ಒತ್ತಿ ನೋಡಿ, ‘ಪರವಾಗಿಲ್ವೇ! ದಿನಕ್ಕೆ ಎಷ್ಟು ಕಿಲೋಮೀಟರ್?’ ಎಂದರು.

‘ಮೀಟರ್ ಲೆಕ್ಕ ಇಟ್ಟಿಲ್ಲ ಡಾಕ್ಟ್ರೇ. ನಿನ್ನೆ ರಾಗಿ ಐದು ಕಿಲೋ, ಕಾಫಿಪುಡಿ ಅರ್ಧ ಕಿಲೋ.’

ಅವರು ಚೀಟಿ ಬರೆಯುತ್ತಿದ್ದವರು ತಲೆ ಎತ್ತಿದರು. ‘ನಿಮ್ಮ ಕಡೆ ಮಿಲ್ಲು ಇನ್ನೂ ಇದೆಯಾ? ನಮ್ಮನೇದೂ ಒಂದೈದು ಕಿಲೋ ಗೋಧಿ ಹಿಟ್ಟು ಮಾಡಿಸೋದಿತ್ತು.’